ಕೈಯೊಳಗಿನ ಎರಡನೇ ಮತ

ಚುನಾವಣೆ ಬಂತೆಂದರೆ ನಮ್ಮ ಕೇರಿಯ ಕಟ್ಟೆ ಮೇಲೆ ಒಂದು ಮಾತು ತಪ್ಪದೆ ಬರುತ್ತದೆ: "ಮೀಸಲು ಜಾಗಾದಿಂದ ಆರಿಸಿ ಹೋದವ ನಮ್ಮವನs. ಆದ್ರ ಹೋದ ಮ್ಯಾಲೆ ನಮ್ಮ ಕಡೆ ಹೊಳ್ಳಿ ನೋಡಂಗಿಲ್ಲ." ಇದಕ್ಕೆ ಹಿರಿಯರು ಕೊಡುವ ಉತ್ತರವೂ ಪ್ರತಿ ಸಲ ಒಂದೇ. ಅವ ಮಾರಿಕೊಂಡ, ಇವ ಪಕ್ಷದ ಗುಲಾಮ ಆದ, ನಮ್ಮ ಮಂದೀನs ಹಿಂಗ. ನಾನು ಬಿ.ಎ.ಗೆ ಇತಿಹಾಸ ಮತ್ತು ರಾಜ್ಯಶಾಸ್ತ್ರ ತೆಗೆದುಕೊಂಡ ಮೇಲೆ ಈ ಉತ್ತರದ ಮೇಲೆ ನನಗೆ ಸಂಶಯ ಬರತೊಡಗಿತು. ಮನುಷ್ಯನ ಗುಣ ಇದ್ದೇ ಇರುತ್ತದೆ, ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಒಬ್ಬ ಆಮದಾರ ಅಥವಾ ಖಾಸದಾರ ಯಾರ ಮನೆ ಬಾಗಿಲಿಗೆ ಹೋಗಿ ಕೈಮುಗಿಯಬೇಕು ಅನ್ನೋದನ್ನು ಅವನ ಗುಣಕ್ಕಿಂತ ಮೊದಲು ಮತ ಎಣಿಸುವ ನಿಯಮವೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಈ ನಿಯಮ ನಮ್ಮ ವಿಷಯದಲ್ಲಿ ಮೂವತ್ತೇ ವರ್ಷದೊಳಗೆ, 1932ರಿಂದ 1962ರ ನಡುವೆ, ನಾಲ್ಕು ಸಲ ಬದಲಾಯಿತು. ಪ್ರತಿ ಸಲ ಬದಲಾದಾಗಲೂ ಮತದಾರ ನಡೆಯುವ ರೀತಿ, ಪಕ್ಷಗಳು ನಡೆಯುವ ರೀತಿ, ನಮ್ಮ ನಾಯಕರು ನಡೆಯುವ ರೀತಿ ಬದಲಾಗಿದೆ. ಅದರಲ್ಲಿ ನಮ್ಮ ಸೊಲ್ಲಾಪುರಕ್ಕೆ ಒಂದು ವಿಶೇಷ ಜಾಗ ಇದೆ. ಅದನ್ನು ನಮ್ಮ ಹುಡುಗರು ತಿಳಿದುಕೊಳ್ಳಲಿ ಅಂತ ಈ ಲೇಖನ ಬರೆಯುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ಪುಣೆ ಒಪ್ಪಂದಕ್ಕೆ ನಾಲ್ಕು ಸಾಲು ಇರುತ್ತವೆ, ಅವೂ ಗಾಂಧೀಜಿಯ ಉಪವಾಸದ ಬಗ್ಗೆ. ಮತದ ಲೆಕ್ಕ ಯಾರೂ ಹೇಳೋದಿಲ್ಲ.

ಮೊದಲು ಮತವೇ ಇರಲಿಲ್ಲ ಅನ್ನೋದರಿಂದ ಶುರುಮಾಡೋಣ. ಬ್ರಿಟಿಷರ ಕಾಲದಲ್ಲಿ ಮತ ಹಾಕಲು ಆಸ್ತಿ ಇರಬೇಕು, ತೆರಿಗೆ ಕಟ್ಟಿರಬೇಕು, ಇಲ್ಲವೇ ಓದಿರಬೇಕು. ಈ ಮೂರೂ ಇಲ್ಲದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಬಾಬಾಸಾಹೇಬರು ಸಾಕ್ಷ್ಯ ಹೇಳಿದಾಗ ಅವರಿಗೆ ಇನ್ನೂ ಇಪ್ಪತ್ತೇಳು ವರ್ಷ. ಮುಂದೆ ಮುಂಬೈ ವಿಧಾನ ಪರಿಷತ್ತಿಗೆ ಅವರು ಹೋದದ್ದೂ ಸರಕಾರದ ನಾಮಕರಣದಿಂದ, ಆರಿಸಿ ಬಂದು ಅಲ್ಲ. 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ಇಟ್ಟ ಬೇಡಿಕೆಯನ್ನು ಸರಿಯಾಗಿ ನೋಡಬೇಕು. ಎಲ್ಲ ವಯಸ್ಕರಿಗೂ ಮತ ಕೊಡುತ್ತೀರಾದರೆ ಜಂಟಿ ಮತಕ್ಷೇತ್ರದಲ್ಲಿ ಮೀಸಲು ಸ್ಥಾನ ಸಾಕು. ಅದು ಕೊಡಲ್ಲ ಅಂದರೆ ನಮಗೆ ಪ್ರತ್ಯೇಕ ಮತಕ್ಷೇತ್ರ ಬೇಕು. ಬಾಬಾಸಾಹೇಬರು ಹುಟ್ಟಾ ಪ್ರತ್ಯೇಕತೆಯ ಪರ ಇದ್ದರು ಅಂತ ಹೇಳುವವರು ಈ ಮಾತನ್ನು ಓದಿಲ್ಲ. ಅವರು ನೋಡುತ್ತಿದ್ದದ್ದು ಒಂದೇ: ನಮ್ಮ ಪ್ರತಿನಿಧಿಯನ್ನು ಆರಿಸುವ ಕೈ ಯಾರದು?

1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಕೋಮುವಾರು ತೀರ್ಪು ಪ್ರಕಟಿಸಿದ. ಅದರಲ್ಲಿ ಪ್ರಾಂತ್ಯಗಳ ಶಾಸನಸಭೆಗಳಲ್ಲಿ ದಲಿತರಿಗೆ 71 ಸ್ಥಾನ. ಆ ಸ್ಥಾನಗಳಿಗೆ ದಲಿತರೇ ಮತ ಹಾಕಬೇಕು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದರೆ, ಇದರ ಜೊತೆಗೇ ದಲಿತ ಮತದಾರನಿಗೆ ಸಾಮಾನ್ಯ ಕ್ಷೇತ್ರದಲ್ಲಿ ಇನ್ನೊಂದು ಮತ ಇತ್ತು. ಒಂದು ಮತದಿಂದ ತನ್ನ ಮನುಷ್ಯನನ್ನು ಆರಿಸಬಹುದು. ಇನ್ನೊಂದು ಮತದಿಂದ ಊರಗೌಡನೋ, ದೇಸಾಯಿಯೋ, ವಕೀಲನೋ ಯಾರು ಚುನಾವಣೆಗೆ ನಿಂತಿದ್ದಾನೋ ಅವನ ಹಣೆಬರಹವನ್ನೂ ಬರೆಯಬಹುದು. ಅಂದರೆ ಮೇಲಿನ ಕೇರಿಯ ಅಭ್ಯರ್ಥಿಯೂ ಕೆಳಗಿನ ಕೇರಿಗೆ ಮತ ಕೇಳಲು ಬರಲೇಬೇಕು. ಒಪ್ಪಂದದಲ್ಲಿ ಸ್ಥಾನಗಳ ಸಂಖ್ಯೆ ಹೆಚ್ಚಾಯಿತು, ಆದರೆ ಈ ಎರಡನೇ ಮತ ಹೋಯಿತು, ಅದಕ್ಕೆ ಬೆಲೆ ಕಟ್ಟಲಾಗದು ಅಂತ ಬಾಬಾಸಾಹೇಬರು ಮುಂದೆ ಬರೆದರು. ನನ್ನ ಮಟ್ಟಿಗೆ ಇಡೀ ಚರಿತ್ರೆಯ ಕೀಲಿ ಈ ಎರಡನೇ ಮತದಲ್ಲಿದೆ.

ಗಾಂಧೀಜಿ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಉಪವಾಸ ಕೂತರು, 24ರಂದು ಒಪ್ಪಂದ ಆಯಿತು. 71 ಇದ್ದದ್ದು 148 ಆಯಿತು, ಅದರಲ್ಲಿ ಸಿಂಧ್ ಸೇರಿ ಮುಂಬೈಗೆ 15. ಪ್ರತ್ಯೇಕ ಮತಕ್ಷೇತ್ರ ಹೋಗಿ ಎರಡು ಹಂತದ ಚುನಾವಣೆ ಬಂತು. ಮೊದಲ ಹಂತದಲ್ಲಿ ದಲಿತ ಮತದಾರರು ಮಾತ್ರ ಸೇರಿ ನಾಲ್ಕು ಜನರನ್ನು ಆರಿಸಬೇಕು. ಆಮೇಲೆ ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲ ಜಾತಿಯ ಮತದಾರರೂ ಸೇರಿ ಆರಿಸಬೇಕು. ನಾಲ್ವರಲ್ಲಿ ನಮಗೆ ಬೇಕಾದವ ಮೊದಲನೇ ನಂಬರ ಬಂದಿರಬಹುದು, ನಾಲ್ಕನೇ ನಂಬರಿನವ ಮೇಲ್ಜಾತಿಯವರಿಗೆ ಬೇಕಾದವ ಇರಬಹುದು. ಕೊನೆಯ ಹಂತದಲ್ಲಿ ನಾಲ್ಕನೆಯವನೇ ಗೆದ್ದು ಬರಲು ಏನೂ ಅಡ್ಡಿ ಇಲ್ಲ.

ಇಲ್ಲಿ ಮುಂಬೈ ಪ್ರಾಂತ್ಯದಲ್ಲಿ ಒಂದು ಸಣ್ಣ ನಿಯಮ ದೊಡ್ಡ ಕೆಲಸ ಮಾಡಿತು. ಕ್ಷೇತ್ರಗಳನ್ನು ಗೆರೆ ಎಳೆಯಲು ಬಂದ ಹ್ಯಾಮಂಡ್ ಸಮಿತಿಯ ಕಾಲದಲ್ಲಿ ಮುಂಬೈಗೆ 'ಸಂಚಿತ ಮತ' ಪದ್ಧತಿ ಬಂತು. ಬಾಬಾಸಾಹೇಬರು ಇದಕ್ಕಾಗಿ ಹಟ ಹಿಡಿದಿದ್ದರು. ಹೆಸರು ಕಷ್ಟ ಅನಿಸಿದರೂ ವಿಷಯ ಸರಳ. ಒಂದು ಕ್ಷೇತ್ರದಿಂದ ಮೂವರು ಆರಿಸಿ ಬರಬೇಕು, ಅದರಲ್ಲಿ ಒಂದು ಮೀಸಲು ಅಂತ ಇಟ್ಟುಕೊಳ್ಳಿ. ಪ್ರತಿ ಮತದಾರನ ಕೈಯಲ್ಲಿ ಮೂರು ಮತ. ಮೂರನ್ನೂ ಮೂವರಿಗೆ ಹಂಚಬಹುದು, ಬೇಕಾದರೆ ಮೂರನ್ನೂ ಒಬ್ಬನಿಗೇ ಹಾಕಬಹುದು.

ಲೆಕ್ಕ ಹಾಕಿ ನೋಡೋಣ. ಸಾವಿರ ಮತದಾರರಲ್ಲಿ ನಮ್ಮವರು 250, ಉಳಿದವರು 750. ಒಬ್ಬನಿಗೆ ಒಂದೇ ಮತ ಹಾಕಬೇಕು ಅನ್ನೋ ನಿಯಮ ಇದ್ದರೆ ನಮ್ಮ ಅಭ್ಯರ್ಥಿಗೆ ನಮ್ಮಿಂದ ಬರುವುದು ಹೆಚ್ಚೆಂದರೆ 250. ಉಳಿದವರು ತಮ್ಮ ಇಬ್ಬರಿಗೆ ಎರಡು ಮತ ಹಾಕಿ, ಮಿಕ್ಕಿದ ಮೂರನೇ ಮತವನ್ನು ತಮಗೆ ಬೇಕಾದ ಒಬ್ಬ ದಲಿತನಿಗೆ ಹಾಕಿದರೆ ಅವನಿಗೆ 750. ನಮ್ಮ ಮನುಷ್ಯ ಬಿದ್ದ, ಅವರ ಮನುಷ್ಯ ಗೆದ್ದ, ಇಬ್ಬರೂ ದಲಿತರೇ. ಸಂಚಿತ ಮತದಲ್ಲಿ ನಮ್ಮ 250 ಜನ ಮೂರೂ ಮತವನ್ನು ಒಬ್ಬನಿಗೇ ಸುರಿದರೆ 750 ಆಗುತ್ತದೆ. ಈಗ ಉಳಿದವರು ತಮ್ಮ ಕಡೆಯ ದಲಿತನನ್ನು ಗೆಲ್ಲಿಸಬೇಕಾದರೆ 750 ದಾಟಬೇಕು. ಅವರಲ್ಲೇ ಪಕ್ಷ-ಪಕ್ಷ ಜಗಳ ಇರುತ್ತದೆ, ತಮ್ಮ ಸಾಮಾನ್ಯ ಸ್ಥಾನದ ಮನುಷ್ಯನಿಗೆ ಮತ ಬೇಕಿರುತ್ತದೆ. ನಮ್ಮನ್ನು ಸೋಲಿಸಲು ತಮ್ಮ ಮತ ಖರ್ಚು ಮಾಡಿದರೆ ತಮ್ಮವನೇ ಸೋಲುವ ಭಯ. ಅದೇ ಜನ, ಅದೇ ಜಾತಿ, ಅದೇ ದ್ವೇಷ, ಅದೇ ಮೀಸಲು. ನಿಯಮದ ಒಂದು ವಾಕ್ಯ ಬದಲಾಗಿದೆ ಅಷ್ಟೇ.

1936ರ ಆಗಸ್ಟಿನಲ್ಲಿ ಬಾಬಾಸಾಹೇಬರು ಸ್ವತಂತ್ರ ಮಜೂರ ಪಕ್ಷ ಕಟ್ಟಿದರು. ಆರು ತಿಂಗಳ ಕೂಸು, 1937ರ ಚುನಾವಣೆಯಲ್ಲಿ 17 ಜನರನ್ನು ನಿಲ್ಲಿಸಿ 14 ಸ್ಥಾನ ಗೆದ್ದಿತು. ಅದರಲ್ಲಿ 11 ಮೀಸಲು ಸ್ಥಾನಗಳು. ಕಾಂಗ್ರೆಸ್ಸಿನ ಅಲೆ ಎದ್ದ ವರ್ಷ ಅದು, ನೆನಪಿರಲಿ. ಮುಂಬೈಯಲ್ಲಿ ಬಾಬಾಸಾಹೇಬರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಹೆಸರಾಂತ ಕ್ರಿಕೆಟ್ ಆಟಗಾರ ಪಳವಣಕರ ಬಾಳು ಅವರನ್ನು. ಅವರೂ ದಲಿತರೇ, ಚರ್ಮಕಾರ ಸಮಾಜದವರು. ಬಾಬಾಸಾಹೇಬರಿಗೆ 13,245, ಬಾಳು ಅವರಿಗೆ 11,225. ಬೆಳಗಾವಿ ಕಡೆಯಿಂದ ಬಳವಂತರಾವ ವರಾಳೆ ಗೆದ್ದರು. ಸೊಲ್ಲಾಪುರದಿಂದ ಗೆದ್ದವರು ಜೀವಪ್ಪ ಐದಾಳೆ.

ಐದಾಳೆಯವರ ಹೆಸರು ನಮ್ಮ ಜಯಂತಿ ಮೆರವಣಿಗೆಯಲ್ಲಿ ಕೇಳೋದಿಲ್ಲ, ಬ್ಯಾನರಿನ ಮೇಲೂ ಇರೋದಿಲ್ಲ. ಬಹಿಷ್ಕೃತ ಹಿತಕಾರಿಣಿ ಸಭೆ 1925ರ ಜನವರಿ 4ರಂದು ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆದದ್ದು ಮುಂಬೈಯಲ್ಲಲ್ಲ, ನಮ್ಮ ಸೊಲ್ಲಾಪುರದಲ್ಲಿ. ಅದನ್ನು ನೋಡಿಕೊಂಡವರು ಇದೇ ಐದಾಳೆ. ಹನ್ನೆರಡು ವರ್ಷ ಹುಡುಗರ ಊಟ, ಪುಸ್ತಕ, ಫೀಸು ಅಂತ ಓಡಾಡಿದ ಮನುಷ್ಯ ಶಾಸನಸಭೆಗೆ ಹೋದ. ಇಂಥವರು ಗೆಲ್ಲುವುದು ಮೀಸಲಾತಿ ಒಂದರಿಂದಲೇ ಆಗುವ ಮಾತಲ್ಲ. ಕೇರಿಯೊಳಗೆ ಕೆಲಸ ಮಾಡಿದವನ ಕೇರಿಯ ಮತಕ್ಕೆ ತೂಕ ಬರುವ ನಿಯಮವೂ ಬೇಕು.

ಆರಿಸಿ ಹೋದ ಮೇಲೆ ಅವರು ಹೇಗೆ ನಡೆದುಕೊಂಡರು ನೋಡಿ. 1937ರ ಸೆಪ್ಟೆಂಬರಿನಲ್ಲಿ ಬಾಬಾಸಾಹೇಬರು ಕೊಂಕಣದ ಖೋತಿ ಜಮೀನುದಾರಿ ರದ್ದು ಮಾಡುವ ವಿಧೇಯಕ ಮಂಡಿಸಿದರು. ಮಹಾರ್ ವತನದ ಪ್ರಶ್ನೆ ಎತ್ತಿದರು. 1938ರ ಜನವರಿಯಲ್ಲಿ ರೈತರ ಮೋರ್ಚಾ ಮುಂಬೈ ಶಾಸನಸಭೆಗೆ ಬಂತು, ಅದೇ ವರ್ಷ ನವೆಂಬರಿನಲ್ಲಿ ಕಾರ್ಮಿಕರ ಮುಷ್ಕರ. ಪಕ್ಷದ ಶಾಸಕರಲ್ಲಿ ಅನಂತರಾವ ಚಿತ್ರೆ, ಶಾಮರಾವ ಪರುಳೇಕರರಂಥ ಮೇಲ್ಜಾತಿಯವರೂ ಇದ್ದರು. ಆಳುವ ಪಕ್ಷದ ಮುಖ ನೋಡಿ ಮಾತಾಡುವ ಗರಜು ಇವರಿಗೆ ಇರಲಿಲ್ಲ, ಯಾಕಂದ್ರೆ ಆ ಪಕ್ಷದ ಮತದಿಂದ ಇವರು ಗೆದ್ದಿರಲಿಲ್ಲ. ಅದೇ 1938ರ ಜನವರಿಯಲ್ಲಿ ಬಾಬಾಸಾಹೇಬರು ಸೊಲ್ಲಾಪುರಕ್ಕೆ ಬಂದಾಗ ಇಲ್ಲಿನ ನಗರಪಾಲಿಕೆ ಮಾನಪತ್ರ ಕೊಟ್ಟು ಗೌರವಿಸಿತು.

ಒಂದು ಮಾತು ಅಕ್ಕಲಕೋಟದವರಿಗಾಗಿ ಸೇರಿಸಬೇಕು. ಮೇಲೆ ಹೇಳಿದ ಯಾವುದೂ ಅಕ್ಕಲಕೋಟಕ್ಕೆ ಸಂಬಂಧಪಟ್ಟದ್ದಲ್ಲ. ಅದು ಆಗ ಭೋಸಲೆ ರಾಜರ ಸಂಸ್ಥಾನ. ಮುಂಬೈ ಶಾಸನಸಭೆಗೆ ಅಲ್ಲಿಂದ ಮತವೂ ಇಲ್ಲ, ಪ್ರತಿನಿಧಿಯೂ ಇಲ್ಲ. 1948ರಲ್ಲಿ ಸಂಸ್ಥಾನ ವಿಲೀನ ಆದ ಮೇಲೆ ಅಲ್ಲಿನ ಜನ ಮುಂಬೈ ಪ್ರಾಂತ್ಯದ ಪ್ರಜೆಗಳಾದರು. ಹೀಗಾಗಿ ಸೊಲ್ಲಾಪುರದ ಕೆಲವು ದಲಿತರಿಗೆ 1937ರಲ್ಲೇ ಮತದ ರುಚಿ ಗೊತ್ತಿದ್ದರೆ, ಹತ್ತು ಹರದಾರಿ ಆಚೆ ಇದ್ದವರು 1952ರ ತನಕ ಕಾದರು. ಗಡಿ ಅಂದರೆ ಭಾಷೆಯ ಗಡಿ ಮಾತ್ರ ಅಂತ ನಾವು ತಿಳಿದಿರುತ್ತೇವೆ.

1946ರ ಚುನಾವಣೆ ನಮ್ಮವರಿಗೆ ದೊಡ್ಡ ಪೆಟ್ಟು. ಸ್ವತಂತ್ರ ಮಜೂರ ಪಕ್ಷದ ಜಾಗದಲ್ಲಿ 1942ರಿಂದ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ ಇತ್ತು. ದಲಿತರು ಮಾತ್ರ ಮತ ಹಾಕುವ ಮೊದಲ ಹಂತದಲ್ಲಿ ಫೆಡರೇಶನ್ ಅಭ್ಯರ್ಥಿಗಳು ಅನೇಕ ಕಡೆ ಮುಂದೆ ಇದ್ದರು. ಎಲ್ಲರೂ ಮತ ಹಾಕುವ ಎರಡನೇ ಹಂತದಲ್ಲಿ ಬಿದ್ದರು. ಇಡೀ ದೇಶದಲ್ಲಿ ಕೈಗೆ ಬಂದದ್ದು ಬೆರಳಲ್ಲಿ ಎಣಿಸುವಷ್ಟು. ಇದನ್ನೇ ಆಧಾರ ಮಾಡಿಕೊಂಡು ಬಾಬಾಸಾಹೇಬರು ಕ್ಯಾಬಿನೆಟ್ ಮಿಶನ್ ಮುಂದೆ ವಾದ ಮಾಡಿದರು. ಸ್ವಾತಂತ್ರ್ಯ ಎದುರಿಗೆ ನಿಂತಿದ್ದ ಆ ವರ್ಷದ ಕಾಂಗ್ರೆಸ್ ಅಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನಿ. ನಿಯಮ ಒಂದರಿಂದಲೇ ಎಲ್ಲವೂ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಸಂವಿಧಾನ ಸಭೆಯಲ್ಲಿ ಈ ಪ್ರಶ್ನೆ ಮತ್ತೆ ಬಂತು. ದೇಶ ಆಗತಾನೇ ಒಡೆದಿತ್ತು, ಪ್ರತ್ಯೇಕ ಮತಕ್ಷೇತ್ರ ಅನ್ನುವ ಶಬ್ದವನ್ನೇ ಯಾರೂ ಕೇಳಲು ತಯಾರಿರಲಿಲ್ಲ. 1947ರ ಆಗಸ್ಟಿನಲ್ಲಿ ಎಸ್. ನಾಗಪ್ಪ ಎಂಬ ಸದಸ್ಯರು ಒಂದು ನಡುದಾರಿ ಸೂಚಿಸಿದರು. ಮದ್ರಾಸ್ ಪ್ರಾಂತ್ಯದಿಂದ ಬಂದ ದಲಿತ ಸದಸ್ಯರು ಅವರು. ಜಂಟಿ ಮತಕ್ಷೇತ್ರವೇ ಇರಲಿ, ಆದರೆ ಮೀಸಲು ಸ್ಥಾನದಲ್ಲಿ ಗೆಲ್ಲುವವನಿಗೆ ತನ್ನ ಸಮಾಜದ ಮತದಲ್ಲಿ ಕನಿಷ್ಠ ನೂರಕ್ಕೆ 35 ಆದರೂ ಬಿದ್ದಿರಬೇಕು. ಸರ್ದಾರ್ ಪಟೇಲರು ಖಾರವಾಗಿಯೇ ಉತ್ತರ ಕೊಟ್ಟರು, ತಿದ್ದುಪಡಿ ನಿಲ್ಲಲಿಲ್ಲ. ಕೊನೆಗೆ ಸಂವಿಧಾನದಲ್ಲಿ ಉಳಿದದ್ದು ವಯಸ್ಕ ಮತದಾನ, ಎಲ್ಲರಿಗೂ ಒಂದೇ ಮತದಾರ ಯಾದಿ, ಮತ್ತು ಆರಂಭಕ್ಕೆ ಹತ್ತು ವರ್ಷದ ಮೀಸಲು ಸ್ಥಾನ. ಮೊದಲ ಹಂತದ ಚುನಾವಣೆ ಹೋಯಿತು. ಸಂಚಿತ ಮತವೂ ಹೋಯಿತು. ಆದರೆ ವಯಸ್ಕ ಮತದಾನ ಬಂದದ್ದು ಸಣ್ಣ ಮಾತಲ್ಲ. 1937ರಲ್ಲಿ ಇಡೀ ದೇಶದಲ್ಲಿ ಮತ ಇದ್ದವರು ಸುಮಾರು 3 ಕೋಟಿ, 1952ರ ಹೊತ್ತಿಗೆ 17 ಕೋಟಿ ದಾಟಿತ್ತು. 1928ರಲ್ಲಿ ಕೇಳಿದ್ದು ಇದನ್ನೇ.

ಈಗ 1952ಕ್ಕೆ ಬರೋಣ. ಮೊದಲ ಲೋಕಸಭೆಗೆ 489 ಸ್ಥಾನ, ಕ್ಷೇತ್ರ ಮಾತ್ರ 401. ಯಾಕಂದ್ರೆ 86 ಕ್ಷೇತ್ರಗಳಿಂದ ಇಬ್ಬಿಬ್ಬರು, ಉತ್ತರ ಬಂಗಾಳದ ಒಂದು ಕ್ಷೇತ್ರದಿಂದ ಮೂವರು ಆರಿಸಿ ಬರುತ್ತಿದ್ದರು. ದ್ವಿಸದಸ್ಯ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಂದು ಜಾಗ ಎಲ್ಲರಿಗೂ, ಇನ್ನೊಂದು ಮೀಸಲು. ಆಗ ಮತಚೀಟಿಯ ಮೇಲೆ ಗುರುತು ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ದ್ವಿಸದಸ್ಯ ಕ್ಷೇತ್ರದ ಮತದಾರನಿಗೆ ಎರಡು ಚೀಟಿ ಕೊಡುತ್ತಿದ್ದರು, ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕಬೇಕು. ಎರಡೂ ಒಂದೇ ಪೆಟ್ಟಿಗೆಗೆ ಬಿದ್ದರೆ ಒಂದು ರದ್ದು. ನೋಡಿ, 1937ರಲ್ಲಿ ಯಾವುದು ನಮ್ಮ ಬಲವಾಗಿತ್ತೋ ಅದೇ ಈಗ ತಪ್ಪಾಯಿತು. ಹದಿನೈದು ವರ್ಷದ ಹಿಂದೆ "ಎಲ್ಲ ಮತ ಒಬ್ಬನಿಗೇ ಹಾಕಿ" ಅಂತ ಕಲಿಸಿದ ಜನರಿಗೆ ಈಗ "ಹಾಗೆ ಹಾಕಿದರೆ ಮತ ಸತ್ತುಹೋಗುತ್ತದೆ" ಅಂತ ಕಲಿಸಬೇಕಾಯಿತು.

ಮುಂಬೈ ಉತ್ತರ ಕ್ಷೇತ್ರದಲ್ಲಿ ಇದರ ಫಲ ಬಾಬಾಸಾಹೇಬರೇ ಉಂಡರು. ಅವರ ಪಕ್ಷ ಸಮಾಜವಾದಿಗಳ ಜೊತೆ ಕೈಜೋಡಿಸಿತ್ತು. ಸಾಮಾನ್ಯ ಸ್ಥಾನಕ್ಕೆ ಅಶೋಕ ಮೆಹತಾ, ಮೀಸಲು ಸ್ಥಾನಕ್ಕೆ ಬಾಬಾಸಾಹೇಬರು. ಕಾಂಗ್ರೆಸ್ಸಿನ ಜೋಡಿ ವಿ.ಬಿ. ಗಾಂಧಿ ಮತ್ತು ನಾರಾಯಣ ಕಾಜರೋಳಕರ. ಮೂರನೇ ಕಡೆ ಕಮ್ಯುನಿಸ್ಟ್ ಪಕ್ಷದ ಎಸ್.ಎ. ಡಾಂಗೆ. ಡಾಂಗೆ ಕಡೆಯವರು ತಮ್ಮ ಮತದಾರರಿಗೆ ಹೇಳಿದ್ದು, ಎರಡನೇ ಮತವನ್ನು ಯಾರಿಗೂ ಕೊಡಬೇಡಿ, ಕೊಳೆಸಿಬಿಡಿ. ಮರಾಠಿಯಲ್ಲಿ 'ಮತೇ ಕುಜವಾ' ಅನ್ನುವ ಮಾತು ಆಗಿನಿಂದ ಇವತ್ತಿನ ತನಕ ನಮ್ಮ ಹಿರಿಯರ ಬಾಯಲ್ಲಿದೆ, ಸಿಟ್ಟಿನಿಂದ. ಕಾಜರೋಳಕರರಿಗೆ 1,38,137, ಬಾಬಾಸಾಹೇಬರಿಗೆ 1,23,576. ಅಂತರ 14,561. ರದ್ದಾದ ಚೀಟಿಗಳು 74,333. ಸಂವಿಧಾನ ಬರೆದ ಕೈಯನ್ನು ಸೋಲಿಸಿದ್ದು ಕಾಜರೋಳಕರರೋ, ರದ್ದಾದ ಚೀಟಿಗಳೋ ಅಂತ ಕೇಳಿದರೆ ಏನು ಹೇಳೋದು? ಬಾಬಾಸಾಹೇಬರು ಮತ್ತು ಮೆಹತಾ ಇಬ್ಬರೂ ಸೇರಿ ಚುನಾವಣಾ ತಕರಾರು ಅರ್ಜಿ ಹಾಕಿದರು, ಅದು ವಜಾ ಆಯಿತು.

1954ರಲ್ಲಿ ಭಂಡಾರಾ ಉಪಚುನಾವಣೆ. ಅದೂ ದ್ವಿಸದಸ್ಯ ಕ್ಷೇತ್ರವೇ. ನಾವೂ ಎರಡನೇ ಮತ ಕೊಳೆಸೋಣ, ಹಾಗಾದರೆ ಬಾಬಾಸಾಹೇಬರು ಗೆಲ್ಲುತ್ತಾರೆ ಅಂತ ಕಾರ್ಯಕರ್ತರು ಹೇಳಿದರಂತೆ, ಸೋತರೂ ಸರಿ ಮತ ಹಾಳುಮಾಡುವ ಮಾತು ಬೇಡ ಅಂತ ಅವರು ತಡೆದರಂತೆ. ಇದು ಮಹಾರಾಷ್ಟ್ರದ ದಲಿತ ಚಳವಳಿಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಫಲಿತಾಂಶ ಮಾತ್ರ ದಾಖಲೆಯಲ್ಲಿದೆ: ಸಾಮಾನ್ಯ ಸ್ಥಾನದಲ್ಲಿ ಅಶೋಕ ಮೆಹತಾ ಗೆದ್ದರು, ಮೀಸಲು ಸ್ಥಾನದಲ್ಲಿ ಬಾಬಾಸಾಹೇಬರು ಸೋತರು. ಜೋಡಿಯಲ್ಲಿ ಒಬ್ಬ ದಡ ಸೇರಿ ಇನ್ನೊಬ್ಬ ಮುಳುಗಿದ. ನಮ್ಮ ಮತ ಅವರಿಗೆ ಹೋಯಿತು, ಅವರ ಮತ ನಮಗೆ ಅಷ್ಟು ಬರಲಿಲ್ಲ ಅಂತ ಇದರ ಅರ್ಥ.

ಆದರೆ ಇದೇ ನಿಯಮ ಇನ್ನೆರಡು ಕಡೆ ಬೇರೆ ಫಲ ಕೊಟ್ಟಿತು. 1952ರಲ್ಲಿ ಇಡೀ ದೇಶದಲ್ಲಿ ಫೆಡರೇಶನ್ ಗೆದ್ದ ಲೋಕಸಭಾ ಸ್ಥಾನಗಳು ಎರಡೇ ಎರಡು. ಒಂದು ಹೈದರಾಬಾದ್ ರಾಜ್ಯದ ಕರೀಂನಗರ, ಅಲ್ಲಿ ಎಂ.ಆರ್. ಕೃಷ್ಣ. ಇನ್ನೊಂದು ನಮ್ಮ ಸೊಲ್ಲಾಪುರ, ಇಲ್ಲಿ ಪಾಂಡುರಂಗ ನಾಥೂಜಿ ರಾಜಭೋಜ. ಬಾಬಾಸಾಹೇಬರು ಸೋತ ವರ್ಷ ಅವರ ಪಕ್ಷದ ಬಾವುಟವನ್ನು ಲೋಕಸಭೆಗೆ ಒಯ್ದ ಎರಡು ಊರುಗಳಲ್ಲಿ ನಮ್ಮದು ಒಂದು! ಎರಡೂ ದ್ವಿಸದಸ್ಯ ಕ್ಷೇತ್ರಗಳು. ಕರೀಂನಗರದ ಸಾಮಾನ್ಯ ಸ್ಥಾನದಲ್ಲಿ ಗೆದ್ದವರು ಎಡಪಂಥದ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟಿನ ಬದ್ದಂ ಎಲ್ಲಾರೆಡ್ಡಿ. ಸೊಲ್ಲಾಪುರದಲ್ಲಿ ಗೆದ್ದವರು ಶೇತಕರಿ ಕಾಮಗಾರ ಪಕ್ಷದ ಶಂಕರರಾವ ಮೋರೆ. ಎರಡೂ ಕಡೆ ರೈತ-ಕೂಲಿಕಾರರ ಪಕ್ಷದವ ಒಬ್ಬ, ದಲಿತರ ಪಕ್ಷದವ ಒಬ್ಬ. ಒಂದು ಚೀಟಿ ಅವರ ಪೆಟ್ಟಿಗೆಗೆ, ಒಂದು ಚೀಟಿ ನಮ್ಮ ಪೆಟ್ಟಿಗೆಗೆ. ನಮ್ಮ ಕೈಯಲ್ಲಿ ಎರಡನೇ ಮತ ಇದ್ದುದರಿಂದಲೇ ಇಂಥ ಕೊಡುಕೊಳ್ಳುವ ಮಾತು ಸಾಧ್ಯವಾಯಿತು. ಮೇಲಿನವರ ಮನೆಯಂಗಳದಲ್ಲಿ ನಿಂತು ಬೇಡುವ ಬದಲು ಸಮನಾಗಿ ಕುಳಿತು ಮಾತಾಡಬಹುದಿತ್ತು: ನಿಮಗೆ ನಮ್ಮ ಒಂದು ಬೇಕು, ನಮಗೆ ನಿಮ್ಮ ಒಂದು ಬೇಕು. ಮುಂಬೈಯಲ್ಲಿ ಆ ಮಾತು ಮುರಿಯಿತು, ಸೊಲ್ಲಾಪುರದಲ್ಲಿ ನಿಂತಿತು.

ಇಲ್ಲಿ ಇನ್ನೊಂದು ವಿಷಯ. ರಾಜಭೋಜರು ಚರ್ಮಕಾರ ಸಮಾಜದವರು. ಬಾಬಾಸಾಹೇಬರ ಪಕ್ಷ ಅಂದರೆ ಮಹಾರರ ಪಕ್ಷ ಅಂತ ಆಗಲೂ ಹೇಳುವವರಿದ್ದರು, ಈಗಲೂ ಇದ್ದಾರೆ. ನಮ್ಮಲ್ಲೂ ಹೊಲೆಯ-ಮಾದಿಗ-ಸಮಗಾರ ಅಂತ ಒಳಗೊಳಗೆ ಎಷ್ಟು ಗೋಡೆ ಇವೆ ಅಂತ ಎಲ್ಲರಿಗೂ ಗೊತ್ತು, ಸ್ಮರಣ ಸಂಚಿಕೆಯಲ್ಲಿ ಬರೆಯಬಾರದು ಅಂತ ಸುಮ್ಮನಿರುತ್ತೇವೆ. ಆ ಗೋಡೆ ದಾಟಿ ಗೆದ್ದ ಸ್ಥಾನ ಅದು.

ದ್ವಿಸದಸ್ಯ ಪದ್ಧತಿಯಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಮೊದಲು ಮೀಸಲು ಅಭ್ಯರ್ಥಿಗಳಲ್ಲಿ ಅತಿ ಹೆಚ್ಚು ಮತ ಬಂದವನನ್ನು ಮೀಸಲು ಸ್ಥಾನಕ್ಕೆ ಘೋಷಿಸಬೇಕು. ಆಮೇಲೆ ಉಳಿದವರೆಲ್ಲರಲ್ಲಿ ಯಾರಿಗೆ ಹೆಚ್ಚು ಮತವೋ ಅವನಿಗೆ ಸಾಮಾನ್ಯ ಸ್ಥಾನ. ಆ ಉಳಿದವರಲ್ಲಿ ಇನ್ನೊಬ್ಬ ದಲಿತ ಅಥವಾ ಆದಿವಾಸಿ ಮುಂದಿದ್ದರೆ? ಎರಡೂ ಸ್ಥಾನ ಅವರಿಗೇ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಇದೇ ಆಯಿತು. ಇಬ್ಬರು ಆದಿವಾಸಿ ಅಭ್ಯರ್ಥಿಗಳು ಎರಡೂ ಸ್ಥಾನ ಗೆದ್ದರು, ಸೋತವರು ವಿ.ವಿ. ಗಿರಿ, ಮುಂದೆ ರಾಷ್ಟ್ರಪತಿ ಆದವರು. ಗಿರಿಯವರು ಕೋರ್ಟಿಗೆ ಹೋದರು. 1959ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಆದಿವಾಸಿ ಆದ ಮಾತ್ರಕ್ಕೆ ಸಾಮಾನ್ಯ ಸ್ಥಾನದ ಹಕ್ಕು ಹೋಗುವುದಿಲ್ಲ, ಗೆಲುವು ಗೆಲುವೇ.

ಅದಾಗಿ ಎರಡು ವರ್ಷದೊಳಗೆ, 1961ರಲ್ಲಿ, ದ್ವಿಸದಸ್ಯ ಕ್ಷೇತ್ರ ರದ್ದತಿ ಕಾಯಿದೆ ಬಂತು. ಕ್ಷೇತ್ರ ದೊಡ್ಡದಾಗುತ್ತದೆ, ಪ್ರಚಾರಕ್ಕೆ ಖರ್ಚು ಹೆಚ್ಚು, ಮತದಾರನಿಗೆ ಗೊಂದಲ ಅನ್ನುವ ಕಾರಣಗಳಿದ್ದವು, ಸುಳ್ಳೂ ಅಲ್ಲ. 74,333 ಚೀಟಿ ರದ್ದಾದದ್ದು ಗೊಂದಲವೇ ತಾನೆ. ಆದರೆ ಮುಂಬೈಯಲ್ಲಿ ಬಾಬಾಸಾಹೇಬರು ಸೋತಾಗ ಬಾರದ ಅವಸರ ಪಾರ್ವತೀಪುರಂ ಆದ ಮೇಲೆ ಬಂದದ್ದನ್ನು ನಾನು ಸುಮ್ಮನೆ ಕಾಕತಾಳೀಯ ಅಂತ ಒಪ್ಪಲಾರೆ. 1957ರಲ್ಲಿ ಅಂಥ ಕ್ಷೇತ್ರಗಳು 91 ಇದ್ದವು. 1962ಕ್ಕೆ ಒಂದೂ ಇಲ್ಲ.

1962ರಿಂದ ಈಗಿನ ಪದ್ಧತಿ. ಒಂದು ಕ್ಷೇತ್ರ, ಒಂದು ಮತ, ಒಬ್ಬ ಪ್ರತಿನಿಧಿ. ಕ್ಷೇತ್ರ ಮೀಸಲು ಆದರೆ ನಿಲ್ಲುವವರೆಲ್ಲ ದಲಿತರೇ. ಕೇಳಲು ಚೆನ್ನಾಗಿದೆ. ಆದರೆ ಮೀಸಲು ಕ್ಷೇತ್ರದಲ್ಲೂ ನಮ್ಮವರು ಐದರಲ್ಲಿ ಒಬ್ಬರೋ, ನಾಲ್ಕರಲ್ಲಿ ಒಬ್ಬರೋ. ಆ ಮತ ನಾಲ್ಕಾರು ದಲಿತ ಅಭ್ಯರ್ಥಿಗಳಲ್ಲಿ, ಒಳಜಾತಿಗಳಲ್ಲಿ ಹಂಚಿಹೋಗುತ್ತದೆ. ಗೆಲುವು ನಿರ್ಧಾರ ಆಗುವುದು ಉಳಿದ ಮುಕ್ಕಾಲು ಪಾಲಿನಿಂದ. ಜಾಣ ಅಭ್ಯರ್ಥಿ ಏನು ಮಾಡುತ್ತಾನೆ? ಕೇರಿಯಲ್ಲಿ ಒಂದು ಸಲ ನೀಲಿ ಶಾಲು ಹೊದ್ದು ಹೋಗುತ್ತಾನೆ, ಸಕ್ಕರೆ ಕಾರ್ಖಾನೆಯ ಸಾಹೇಬರ ಬಂಗಲೆಗೆ ಹತ್ತು ಸಲ ಹೋಗುತ್ತಾನೆ. ದಲಿತರ ಮೇಲೆ ದೌರ್ಜನ್ಯ ಆದಾಗ ಬಾಯಿಬಿಟ್ಟರೆ ಆ ಮುಕ್ಕಾಲು ಪಾಲಿಗೆ ಸಿಟ್ಟು ಬರುತ್ತದೆ ಅಂತ ಅವನಿಗೆ ಗೊತ್ತು. ಇನ್ನೊಂದು ಕಡೆ, ಮೀಸಲು ಅಲ್ಲದ ಕ್ಷೇತ್ರದಲ್ಲಿ ಪಕ್ಷಗಳು ದಲಿತನಿಗೆ ಟಿಕೆಟ್ ಕೊಡುವ ಗೋಜಿಗೇ ಹೋಗೋದಿಲ್ಲ. "ನಿಮಗ ಬ್ಯಾರೆ ಜಾಗಾ ಅದ ಅಲ್ಲ?"

ನಮ್ಮ ಜಿಲ್ಲೆಯ ಲೆಕ್ಕವನ್ನೇ ನೋಡಿ. 1962ರಲ್ಲಿ ಸೊಲ್ಲಾಪುರ ಸಾಮಾನ್ಯ ಕ್ಷೇತ್ರ ಆಯಿತು, ಮೀಸಲು ಪಂಢರಪುರಕ್ಕೆ ಹೋಯಿತು. ಸೊಲ್ಲಾಪುರದಿಂದ ಕಾಂಗ್ರೆಸ್ಸಿನ ಮಾದೇಪ್ಪ ಕಾಡಾದಿ ಗೆದ್ದರು, ಮನೆಮಾತು ಕನ್ನಡದ ಮನುಷ್ಯ. ಪಂಢರಪುರದಿಂದ ಕಾಂಗ್ರೆಸ್ಸಿನ ತಯಪ್ಪ ಸೋನವಣೆ. ರಾಜಭೋಜರು ಗೆದ್ದ ಊರಿಗೆ ಮೀಸಲು ಸ್ಥಾನ ವಾಪಸು ಬಂದದ್ದು 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ, 2009ರ ಚುನಾವಣೆಗೆ. ನಡುವೆ 47 ವರ್ಷ. ಬಾಬಾಸಾಹೇಬರ ಪಕ್ಷ 1957ರಲ್ಲಿ ರಿಪಬ್ಲಿಕನ್ ಪಕ್ಷ ಆಯಿತು. ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಜೊತೆ ಇದ್ದಾಗ, 1957ರಲ್ಲಿ, ನಾಸಿಕದಿಂದ ದಾದಾಸಾಹೇಬ ಗಾಯಕವಾಡರಂಥವರು ಲೋಕಸಭೆಗೆ ಹೋಗಿದ್ದರು. 1962ರಲ್ಲಿ ಮಹಾರಾಷ್ಟ್ರದಿಂದ ಆ ಪಕ್ಷದ ಒಬ್ಬರೂ ಹೋಗಲಿಲ್ಲ. ರಾಜ್ಯ ಸಿಕ್ಕ ಮೇಲೆ ಸಮಿತಿ ಒಡೆದದ್ದು ಒಂದು ಕಾರಣ, ಕೈಯೊಳಗಿನ ಎರಡನೇ ಮತ ಹೋದದ್ದು ಇನ್ನೊಂದು. ಕೊಡಲು ಏನೂ ಇಲ್ಲದವನ ಜೊತೆ ಯಾರು ಕೂಡಿಕೆ ಮಾಡುತ್ತಾರೆ? ಆಮೇಲೆ ಗಟಗಳು, ಗಟದೊಳಗೆ ಗಟಗಳು. ಅದನ್ನು ಬರೆಯುತ್ತಾ ಹೋದರೆ ಈ ಸಂಚಿಕೆ ಸಾಲದು.

ನಿಯಮದ ಗೋಡೆಯನ್ನು ದಾಟಿದವರೂ ಇದ್ದಾರೆ. ಸುಶೀಲಕುಮಾರ ಶಿಂದೆ 1998, 1999ರಲ್ಲಿ ಸೊಲ್ಲಾಪುರದಿಂದ ಗೆದ್ದಾಗ ಅದು ಮೀಸಲು ಕ್ಷೇತ್ರ ಆಗಿರಲಿಲ್ಲ. ಆದರೆ ಅವರ ಹಿಂದೆ ದೊಡ್ಡ ಪಕ್ಷ ಇತ್ತು. ಅದೇ ಶಿಂದೆ, ಕ್ಷೇತ್ರ ಮೀಸಲಾದ ಮೇಲೆ, 2009ರಲ್ಲಿ ಗೆದ್ದು 2014ರಲ್ಲಿ ಸೋತರು.

2019ರ ಚುನಾವಣೆಯನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡಿದ್ದೇವೆ. ಬಾಬಾಸಾಹೇಬರ ಮೊಮ್ಮಗ ಪ್ರಕಾಶ ಅಂಬೇಡ್ಕರ್ ವಂಚಿತ ಬಹುಜನ ಆಘಾಡಿಯಿಂದ ಇಲ್ಲಿ ನಿಂತರು. ಬಿಜೆಪಿಯ ಜಯಸಿದ್ಧೇಶ್ವರ ಸ್ವಾಮಿಗಳಿಗೆ 5,24,985, ಕಾಂಗ್ರೆಸ್ಸಿನ ಶಿಂದೆಯವರಿಗೆ 3,66,377, ಅಂಬೇಡ್ಕರರಿಗೆ 1,70,007. ಆ ದಿನಗಳಲ್ಲಿ ಒಂದೊಂದು ಮನೆಯಲ್ಲೂ ಜಗಳ. ಅಪ್ಪ ಹೇಳೋದು, ಗೆಲ್ಲುವವರಿಗೆ ಹಾಕು, ಇಲ್ಲಾಂದ್ರ ಮತ ಹಾಳು. ಮಗ ಹೇಳೋದು, ನಮ್ಮವರಿಗೇ ಹಾಕಲಿಲ್ಲ ಅಂದರೆ ಮತ ಯಾಕೆ ಬೇಕು. ಫಲಿತಾಂಶ ಬಂದ ಮೇಲೆ ಎರಡು ಸಂಖ್ಯೆ ಕೂಡಿಸಿ "ನೋಡು, ನಿಮ್ಮಿಂದಲೇ ಸೋತದ್ದು" ಅಂತ ಬೈದವರು ಬಹಳ. ಆ ಮತಗಳೆಲ್ಲ ಒಂದೇ ಕಡೆ ಹೋಗುತ್ತಿದ್ದವು ಅಂತ ಯಾರು ಹೇಳಬಲ್ಲರು ಅನ್ನೋದು ಬೇರೆ ಮಾತು. ನನಗೆ ಕಾಡಿದ್ದು ಆ ಜಗಳದ ಆಕಾರ. 1952ರ ಮತದಾರನಿಗೆ ಈ ಜಗಳ ಇಷ್ಟು ಕಠಿಣ ಇರಲಿಲ್ಲ. ಅವನ ಕೈಯಲ್ಲಿ ಎರಡು ಚೀಟಿ ಇದ್ದವು, ಒಂದು ತನ್ನ ಮನಸ್ಸಿಗೆ, ಒಂದು ವ್ಯವಹಾರಕ್ಕೆ. 2019ರ ಅಪ್ಪ-ಮಗ ಇಬ್ಬರೂ ತಪ್ಪಲ್ಲ, ಅವರ ಕೈಯಲ್ಲಿದ್ದದ್ದು ಒಂದೊಂದೇ ಮತ.

ಇದೆಲ್ಲ ಹಳೆಯ ಕಥೆ, ಈಗ ಯಾಕೆ ಅನ್ನುವವರು ಸೊಲ್ಲಾಪುರ ಮಹಾನಗರಪಾಲಿಕೆಯ ಚುನಾವಣೆ ನೆನಪಿಸಿಕೊಳ್ಳಿ. 2007ರಲ್ಲಿ ಒಂದು ವಾರ್ಡಿಗೆ ಒಬ್ಬ ನಗರಸೇವಕ. 2012ರಲ್ಲಿ ಪ್ರಭಾಗಕ್ಕೆ ಇಬ್ಬರು. 2017ರಲ್ಲಿ 26 ಪ್ರಭಾಗ, 102 ಸ್ಥಾನ, ಹೆಚ್ಚಿನ ಕಡೆ ನಾಲ್ವರು. ಅ, ಬ, ಕ, ಡ ಅಂತ ನಾಲ್ಕು ಜಾಗ, ನಾಲ್ಕು ಮತ. ಮೇಲ್ನೋಟಕ್ಕೆ 1937 ಮರಳಿ ಬಂದಂತೆ ಕಾಣುತ್ತದೆ. ಆದರೆ ಪ್ರತಿ ಜಾಗಕ್ಕೂ ಬೇರೆ ಬೇರೆ ಸ್ಪರ್ಧೆ, ಒಂದು ಜಾಗಕ್ಕೆ ಒಂದೇ ಮತ. ನಾಲ್ಕನ್ನೂ ಕೂಡಿಸಿ ಒಬ್ಬನಿಗೆ ಹಾಕುವ ಹಾಗಿಲ್ಲ. ವಾರ್ಡು ದೊಡ್ಡದಾದಷ್ಟೂ ನಮ್ಮ ವಸ್ತಿಯ ಮತ ತೆಳುವಾಗುತ್ತದೆ. ಓಣಿಯಲ್ಲಿ ನಳ, ಗಟಾರ, ರೇಷನ್ ಕಾರ್ಡು ಅಂತ ಓಡಾಡುವ ಹುಡುಗ ಸ್ವತಂತ್ರವಾಗಿ ನಿಂತರೆ ನಾಲ್ಕು ವಸ್ತಿಗಳ ತುಂಬ ಪ್ರಚಾರ ಮಾಡಲು ಅವನ ಹತ್ತಿರ ದುಡ್ಡಿಲ್ಲ. ಹೀಗಾಗಿ ಮೀಸಲು ಜಾಗಕ್ಕೂ ಪಕ್ಷದ ಪ್ಯಾನೆಲ್ಲಿನಲ್ಲಿ ಸೇರಿಕೊಳ್ಳಬೇಕು, ಪ್ಯಾನೆಲ್ಲಿನ ಖರ್ಚು ನೋಡುವವನು ಸಾಮಾನ್ಯ ಜಾಗದ ಅಭ್ಯರ್ಥಿ. ಗೆದ್ದ ಮೇಲೆ ಸಭಾಗೃಹದಲ್ಲಿ ಯಾವಾಗ ಕೈ ಎತ್ತಬೇಕು ಅಂತ ಹೇಳುವವನೂ ಅವನೇ.

ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ ಆದ ಈ ಬದಲಾವಣೆಗಳಾದಾಗ ನಮ್ಮ ಯಾವ ಸಂಘವೂ ಒಂದು ನಿವೇದನೆ ಬರೆದು ಕೊಟ್ಟದ್ದನ್ನು ನಾನು ಕೇಳಿಲ್ಲ. ಪ್ರಭಾಗ ರಚನೆಯ ಕರಡು ಪ್ರಕಟ ಆದಾಗ ಹರಕತ್ತು ಸಲ್ಲಿಸಲು ಕೆಲವು ದಿನದ ಅವಧಿ ಕೊಡುತ್ತಾರೆ. ನಮ್ಮ ವಸ್ತಿಯನ್ನು ಎಲ್ಲಿ ಕತ್ತರಿಸಿದ್ದಾರೆ, ಯಾವ ಯಾವ ವಸ್ತಿಗೆ ಜೋಡಿಸಿದ್ದಾರೆ ಅಂತ ಆ ನಕಾಶೆಯಲ್ಲಿ ಬೆರಳಿಟ್ಟು ನೋಡಬಹುದು. ಹ್ಯಾಮಂಡ್ ಸಮಿತಿ ಗೆರೆ ಎಳೆಯುತ್ತಿದ್ದಾಗ ಬಾಬಾಸಾಹೇಬರು ಕೂತು ಮಾಡಿದ್ದು ಇದೇ ಕೆಲಸ, ಚುನಾವಣೆಗೆ ಇನ್ನೂ ವರ್ಷ ಬಾಕಿ ಇದ್ದಾಗ.